ತೊಂಬತ್ತೇಳನೇ ಇಸವಿಯ ಹಾಲು

ನನಗೊಂದು ಚಟವಿದೆ. ಬೆಳಿಗ್ಗೆ ಪೂಜೆ ಮುಗಿದ ಮೇಲೆ, ಬೆರಳಿಗಂಟಿದ ವಿಭೂತಿ ತೊಳೆದುಕೊಳ್ಳುವ ಮೊದಲು, ಹಿಂದಿನ ದಿನ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ಗೆಣ್ಣುಗಳ ಮೇಲೆ ಎಣಿಸುತ್ತೇನೆ. ಗ್ಯಾಸ್ ಸಿಲಿಂಡರು ಕೊನೆಯ ರೊಟ್ಟಿ ಬೆಂದ ಮೇಲೆಯೇ ಖಾಲಿಯಾಯಿತು, ಒಂದು. ಬಟ್ಟೆ ಒಳಗೆ ತಂದು ಮಡಚಿಟ್ಟ ಮೇಲೆ ಮಳೆ ಬಂತು, ಎರಡು. ದೊಡ್ಡ ಉಪಕಾರಗಳನ್ನು ಎಣಿಸುವುದಿಲ್ಲ. ಅವು ಮಾಡಿದವನಿಗೇ ನೆನಪಿರುತ್ತವೆ. ಈಚೆಗೆ ನನ್ನ ಈ ಎಣಿಕೆಯೊಳಗೆ ಇಲ್ಲದ ಕಂಪ್ಯೂಟರೊಂದು ಸೇರಿಕೊಂಡಿದೆ. 'ಇಲ್ಲದ' ಎಂದದ್ದು ಕೈತಪ್ಪಿ ಬರೆದದ್ದಲ್ಲ. ಆ ಕಂಪ್ಯೂಟರ್ ಇಲ್ಲವೇ ಇಲ್ಲ, ಆದರೆ ಕೆಲಸ ಮಾಡುತ್ತದೆ. ಇದನ್ನು ಹೀಗೆಯೇ ಫೋನಿನಲ್ಲಿ ಹೇಳಿದ್ದಕ್ಕೆ ಕೊಡಂಬಲದಿಂದ ನನ್ನ ತಮ್ಮ, "ಅಕ್ಕಾ, ನಿದ್ದಿ ಛಂದ ಆಗಾಕತ್ತದಿಲ್ಲ?" ಎಂದು ಮೆಲ್ಲಗೆ ವಿಚಾರಿಸಿದ.

ಮೊದಲು ನಮ್ಮ ಅತ್ತೆಯ ವಿಷಯ ಹೇಳಬೇಕು. ಅತ್ತೆಗೆ ಎಂಬತ್ನಾಲ್ಕು. ಅವರ ತವರು ಇಲ್ಲೇ ಹತ್ತಿರದ ನಾರಾಯಣಪುರ. ಅವರ ತಾಯಿ ಓದು ಬರಹ ಬಾರದ ಹೆಂಗಸು, ಆದರೆ ಎಮ್ಮೆ ಹಿಂಡುತ್ತ ಹಿಂಡುತ್ತ ಪದ ಕಟ್ಟುತ್ತಿದ್ದರಂತೆ. ಅವರು ಕಟ್ಟಿದ್ದರಲ್ಲಿ ಉಳಿದದ್ದು ಶಿವನನ್ನು ಎಬ್ಬಿಸುವ ಒಂದೇ ಒಂದು ಪದ. ಅದು ಇನ್ನು ಯಾರ ಬಾಯಲ್ಲೂ ಇಲ್ಲ. ಅತ್ತೆ ನಮ್ಮ ಬಸವಕಲ್ಯಾಣದ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅದನ್ನು ಹಾಡದೆ ಬಾಯಿಗೆ ನೀರು ಹಾಕಿದವರಲ್ಲ.

ನಿದ್ದಿ ಸಾಕೋ ಶಿವನೆ, ಎದ್ದು ಕೂಡೋ ತಂದೆ,
ಎಮ್ಮಿ ಹಿಂಡಾಕ ಹೊತ್ತಾತ

ಇಷ್ಟು ಬರುತ್ತದೆ. ಕಳೆದ ವರ್ಷದಿಂದ ಮುಂದಿನದು ಬರುತ್ತಿಲ್ಲ. ಬರದಿದ್ದರೆ ಬಿಡಬಹುದಲ್ಲ ಎಂದು ನೀವೆನ್ನಬಹುದು. ಬಿಡುವಂತಿಲ್ಲ. ದೇವರ ಮುಂದೆ ಹಿಡಿದ ಪದ ನಡುವೆ ನಿಲ್ಲಿಸಬಾರದು ಎನ್ನುವುದು ಅತ್ತೆಯ ತವರಿನ ಪದ್ಧತಿ. ಮರೆತರೆ ಮೊದಲಿನಿಂದ ಹಿಡಿಯಬೇಕು. ಹಾಗಾಗಿ ಅತ್ತೆ ಹಿಡಿಯುತ್ತಾರೆ, ಎಮ್ಮೆಯವರೆಗೆ ಬರುತ್ತಾರೆ, ನಿಲ್ಲುತ್ತಾರೆ, ಮತ್ತೆ ಹಿಡಿಯುತ್ತಾರೆ. ಶಿವನಿಗೆ ಎಚ್ಚರವಾಗಿ, ಮುಖ ತೊಳೆದು, ಬೇಸರಗೊಂಡು ಮತ್ತೆ ಮಲಗುವಷ್ಟು ಹೊತ್ತು ಇದು ನಡೆಯುತ್ತದೆ. ಅಷ್ಟರಲ್ಲಿ ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿ ಮಾಡಿದ ಸುಸಲಾ ಆರಿ ತಣ್ಣಗಾಗಿರುತ್ತದೆ. ಅದು ತಣ್ಣಗಾದರೆ ಚಿಂತೆಯಿಲ್ಲ, ಆದರೆ ಅತ್ತೆಗೆ ಸಕ್ಕರೆ ಕಾಯಿಲೆ. ಎಂಟಕ್ಕೆಲ್ಲ ಉಣ್ಣಿಸಿ ಗುಳಿಗೆ ಕೊಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಹನ್ನೊಂದಾದರೂ ಪದ ಮುಗಿಯುವುದಿಲ್ಲ. ಎರಡು ಸಲ ಜಗಲಿಯ ಮುಂದೆಯೇ ಕಣ್ಣು ಕತ್ತಲೆ ಬಂದು ಒರಗಿದ್ದಾರೆ.

ನಾನೂ ಒಂದು ಉಪಾಯ ಮಾಡಿ ನೋಡಿದೆ; ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ಅವರು ಎಮ್ಮೆಯ ಹತ್ತಿರ ನಿಂತ ಕೂಡಲೇ ಹಿಂದಿನಿಂದ ಅದೇ ಧಾಟಿಯಲ್ಲಿ, "ಸುಸಲಾ ಮಾಡೀನಿ, ಬಿಸಿ ಅದ, ಉಣ್ಣಾಕ ಬಾರೋ" ಎಂದು ನನ್ನದೊಂದು ಸಾಲು ಸೇರಿಸಿದೆ. ಅತ್ತೆ ಒಂದೇ ಕಣ್ಣು ತೆರೆದು, "ಇದು ನಿಂದು. ನಮ್ಮವ್ವಂದಲ್ಲ," ಎಂದರು. ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಹಿಡಿದರು.

ಹೀಗಿರುವಾಗ ನಮ್ಮನೆಯವರಿಗೆ ನೆನಪಾಯಿತು. ಮದುವೆ ಕಾರ್ಡು ಟೈಪ್ ಮಾಡುವುದು ಅವರ ಕಸುಬು. ಮುಂದಿನ ಕೋಣೆಯೇ ಅಂಗಡಿ. ತೊಂಬತ್ತೇಳರಲ್ಲಿ ಮೊದಲ ಕಂಪ್ಯೂಟರ್ ಬಂದಾಗ, ಕೈ ಕುದುರಲಿ ಎಂದು ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಹೇಳಿದಂತೆ ಇದೇ ಪದವನ್ನು ಟೈಪ್ ಮಾಡಿ ಫ್ಲಾಪಿಯಲ್ಲಿ ಇಟ್ಟಿದ್ದರಂತೆ. ಫ್ಲಾಪಿ ಎಂದರೆ ಅಂಗೈಯಗಲದ ಕರಿ ಚೌಕ ಬಿಲ್ಲೆ. ಹುಡುಕಿದರೆ ಅದು ವಿಭೂತಿ ಗಟ್ಟಿಗಳ ಡಬ್ಬಿಯಲ್ಲಿ ಸಿಕ್ಕಿತು. ಯಾಕೆ ಅಲ್ಲಿಟ್ಟಿದ್ದಿರಿ ಎಂದರೆ, "ದೇವರ ಪದ ಅಲ್ಲೇನು ಮತ್ತ?" ಎಂದರು. ಫ್ಲಾಪಿ ಸಿಕ್ಕಿತು, ಅದೊಂದು ಉಪಕಾರ. ಆದರೆ ಅದರೊಳಗಿನ ಟೈಪಿಂಗ್ ಪ್ರೋಗ್ರಾಮು ನಡೆಯುವುದು ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಆ ಕಂಪ್ಯೂಟರು ಅಟ್ಟದ ಮೇಲೆ, ಹಣೆಗೆ ಮೂರು ಪಟ್ಟಿ ವಿಭೂತಿ ಧರಿಸಿ, ಲಿಂಗೈಕ್ಯವಾಗಿ ಇಪ್ಪತ್ತೈದು ವರ್ಷವಾಗಿತ್ತು.

ನನ್ನ ನಾದಿನಿ ಮಹಾನಂದಾ ಹುಮನಾಬಾದಿನ ಔಷಧ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅಣ್ಣನ ಗೋಳು ಕೇಳಿ, ಭಾನುವಾರ ಬೆಳಿಗ್ಗೆಯ ಬಸ್ಸಿಗೇ ಬಂದಳು. ಅವಳ ಲ್ಯಾಬಿನಲ್ಲಿ ಗುಳಿಗೆ ಪರೀಕ್ಷಿಸುವ ಹಳೆಯ ಯಂತ್ರವೊಂದಿದೆಯಂತೆ. ಅದರ ಜೊತೆಗಿದ್ದ ಕಂಪ್ಯೂಟರು ಕೆಟ್ಟಿತು, ಅಂಥದು ಈಗ ಎಲ್ಲಿಯೂ ಸಿಗುವುದಿಲ್ಲ. ಹಾಗಾಗಿ ಹೊಸ ಕಂಪ್ಯೂಟರೇ ಹಳೆಯದರ ಸೋಗು ಹಾಕಿ ಯಂತ್ರವನ್ನು ನಡೆಸುತ್ತಿದೆ. "ಎಮ್ಯುಲೇಟರ್ ಅಂತಾರ ವೈನಿ," ಎಂದಳು. "ಹಳೀ ಪ್ರೋಗ್ರಾಮಿಗಿ ತಾನು ಹಳೀ ಮನ್ಯಾಗೇ ಅದೀನಿ ಅನ್ನಿಸ್ತದ. ಪಾಪ, ಕೆಲಸ ಮಾಡ್ಕೋತ ಕೂಡ್ತದ."

ನನಗೆ ಇದೇನೂ ಹೊಸದೆನಿಸಲಿಲ್ಲ. ಪುರಾಣ ಕೇಳಿದವರಿಗೆ ಸೋಗಿನ ವಿಷಯ ಯಾರೂ ಕಲಿಸಬೇಕಾಗಿಲ್ಲ. ಶಿವ ಬೇಡನಾಗಿ ಬಂದು ಅರ್ಜುನನ ಜೊತೆ ಒಂದು ಹಂದಿಗಾಗಿ ಜಗಳ ತೆಗೆಯಲಿಲ್ಲವೇ. ಆ ಕತೆ ಕೇಳಿದಾಗಲೆಲ್ಲ ನನಗೊಂದು ಅಡುಗೆಮನೆಯ ಸಂಶಯ ಬರುತ್ತದೆ: ಬೇಡನ ವೇಷದಲ್ಲಿದ್ದಷ್ಟು ಹೊತ್ತು ಶಿವನಿಗೆ ಬೇಡನ ಹಸಿವೂ ಆಗುತ್ತಿತ್ತೋ, ಇಲ್ಲವೋ? ಪ್ರವಚನದ ಸ್ವಾಮಿಗಳನ್ನು ಕೇಳಬೇಕೆಂದು ಎಷ್ಟೋ ವರ್ಷದಿಂದ ಅಂದುಕೊಂಡಿದ್ದೇನೆ; ಕೇಳಿಲ್ಲ.

ಮಹಾನಂದಾ ಅಂಗಡಿಯ ಲ್ಯಾಪ್‌ಟಾಪಿನ ಮುಂದೆ ಕುಳಿತಳು. ಹೊತ್ತು ಒಂಬತ್ತೂವರೆ. ಒಳಗೆ ಅತ್ತೆ ಎಷ್ಟನೆಯ ಸಲವೋ ಎಮ್ಮೆಯವರೆಗೆ ಬಂದು ನಿಂತಿದ್ದರು. ಗುಳಿಗೆ ತಟ್ಟೆಯ ಅಂಚಿನಲ್ಲಿ ಕಾಯುತ್ತಿತ್ತು. ಇನ್ನೇನು ಶುರು ಮಾಡಬೇಕು, ನಮ್ಮನೆಯವರು ಅವಳ ಕೈ ಹಿಡಿದರು.

"ತಡಿ. ವಿಭೂತಿ ಹಚ್ಚಲಾರದ ಆ ಮಷಿನ್ ನಾ ಒಂದು ದಿನಾನೂ ಸುರು ಮಾಡಿಲ್ಲ."

"ಅಣ್ಣಾ, ಆ ಮಷಿನ್ ಇಲ್ಲ. ಎಲ್ಲಿ ಹಚ್ತಿ?"

"ಇಲ್ಲ ಅಂದ್ರ ನಡೀತದ ಹ್ಯಾಂಗ?"

ಪರದೆಯ ನಡುವೆ ಒಂದು ಕಪ್ಪು ಚೌಕ ಮೂಡಿತ್ತು, ಅದೇ ಹಳೆಯ ಮಷಿನು ಎಂದು ಮಹಾನಂದಾ ತೋರಿಸಿದಳು. ನಮ್ಮನೆಯವರು ಆ ಚೌಕದ ನೆತ್ತಿಗೆ, ಗಾಜಿನ ಮೇಲೆಯೇ, ಮೂರು ಬೆರಳಿನಿಂದ ವಿಭೂತಿ ಎಳೆದರು. ಮಹಾನಂದಾ ಏನೋ ನೋಡಲೆಂದು ಚೌಕವನ್ನು ಪಕ್ಕಕ್ಕೆ ಸರಿಸಿದಳು. ಮಷಿನು ಸರಿಯಿತು, ವಿಭೂತಿ ಅಲ್ಲೇ ಉಳಿಯಿತು. ಹಿಂದೆ ತೆರೆದಿಟ್ಟಿದ್ದ ಮದುವೆ ಕಾರ್ಡಿನ ವರನ ಮೀಸೆಯ ಮೇಲೆ ಮೂರು ಪಟ್ಟಿ ಬಿದ್ದಿತು. ಮಷಿನನ್ನು ಅಳೆದೂ ಅಳೆದೂ ವಿಭೂತಿಯ ಕೆಳಕ್ಕೆ ತಂದು ಕೂರಿಸುವವರೆಗೆ ನಮ್ಮನೆಯವರು ಬಿಡಲಿಲ್ಲ. "ಇನ್ನ ಅಳ್ಳಾಡಿಸಬ್ಯಾಡ," ಎಂದರು.

ಇಲ್ಲದ ಮಷಿನು ಕಣ್ಣು ಬಿಟ್ಟಿತು. ಹಳೆಯದರಂತೆಯೇ ಕೀಂ ಎಂದಿತು. ಅದನ್ನು ಕೇಳಿ ನಮ್ಮನೆಯವರು ಕುಳಿತಲ್ಲೇ ಕೈಮುಗಿದರು. ಅದು ಫ್ಲಾಪಿ ಕೇಳಿತು. ಮಹಾನಂದಾ ಲ್ಯಾಬಿನಿಂದ ತಂದ, ಫ್ಲಾಪಿ ಓದುವ ಸಣ್ಣ ಪೆಟ್ಟಿಗೆಯಲ್ಲಿ ನಿಜವಾದ ಫ್ಲಾಪಿ ಇಟ್ಟು, ಅದರ ಒಂದು ಸುಳ್ಳು ನಕಲು ಮಾಡಿ, ಸುಳ್ಳು ಮಷಿನಿನ ಬಾಯಿಗಿಟ್ಟಳು. ಅದು ನಂಬಿತು. ಆದರೆ ಓಟ ಹೆಚ್ಚಾಯಿತು. ಅಕ್ಷರಗಳು ಕಾಣುವ ಮೊದಲೇ ಮೇಲೆ ಹಾರಿಹೋಗುತ್ತಿದ್ದವು. ಹೊಸ ಕಂಪ್ಯೂಟರಿಗೆ ಮುದುಕರಂತೆ ನಡೆಯಲು ಬರುವುದಿಲ್ಲವಂತೆ. ಮಹಾನಂದಾ ಎಲ್ಲೋ ಒಂದು ಕಡೆ ಒತ್ತೊತ್ತಿ ಅದರ ವೇಗ ಇಳಿಸಿದಳು. ಊರಿಗೆಲ್ಲ ವೇಗದ ಕಂಪ್ಯೂಟರೆಂದು ಹೇಳಿಕೊಂಡು ತಂದದ್ದನ್ನು, ಮೆಲ್ಲಗೆ ನಡಿಯಪ್ಪಾ, ಬಿದ್ದೀಯೆ ಎಂದು ಕೈಹಿಡಿದು ನಡೆಸುವುದನ್ನು ನಾನು ಚಹದ ಪಾತ್ರೆ ಹಿಡಿದು ನೋಡುತ್ತ ನಿಂತೆ.

ಇನ್ನೊಂದು ತೊಡಕು. ಆ ಪ್ರೋಗ್ರಾಮಿಗೆ ಎರಡು ಸಾವಿರದ ಆಚೆಗೂ ವರ್ಷಗಳಿವೆ ಎಂಬುದೇ ತಿಳಿಯದು. ಇವತ್ತಿನ ತಾರೀಖು ಕಂಡ ಕೂಡಲೇ ಮುಚ್ಚಿಕೊಂಡುಬಿಡುತ್ತಿತ್ತು. ಮಹಾನಂದಾ ಮಷಿನಿನ ಇಸವಿಯನ್ನು ತೊಂಬತ್ತೇಳಕ್ಕೆ ತಿರುಗಿಸಿದಳು. ಅಣ್ಣ ತಂಗಿಯ ಮಾತು ಕೇಳಿ ಅತ್ತೆ ದೇವರ ಕೋಣೆಯಿಂದಲೇ ಮಗನನ್ನು ಕೂಗಿದರು.

"ಸಂಗ್ಯಾ, ಅದರಾಗ ಯಾವ ಇಸವಿ ನಡದದ?"

"ತೊಂಬತ್ತೇಳು, ಯವ್ವಾ."

ಒಳಗಿನಿಂದ ಅತ್ತೆ ನನಗೂ ಒಂದು ಕೆಲಸ ಹಚ್ಚಿದರು. "ಹಂಗಾರ ನಿಮ್ಮಪ್ಪ ಅದಾರ. ಶಾಂತಾ, ಅವರಿಗಿ ಚಾ ಕೊಡು."

ಮಾವ ಹೋಗಿ ಇಪ್ಪತ್ತೆರಡು ವರ್ಷ. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಹ ಹೇಗೂ ಆಗಿತ್ತು. ಒಂದು ಕಪ್ಪು ಹೆಚ್ಚು ಸೋಸಿ ಲ್ಯಾಪ್‌ಟಾಪಿನ ಪಕ್ಕಕ್ಕಿಟ್ಟೆ. ಆರಿದ ಮೇಲೆ ಮಹಾನಂದಾ ಕುಡಿದಳು. "ಅಪ್ಪಗ ಸಕ್ರಿ ಕಮ್ಮಿ ಬೇಕಾಗಿತ್ತು ವೈನಿ," ಎಂದು ಕಪ್ಪು ಕೆಳಗಿಟ್ಟಳು.

ಕೊನೆಗೆ ಪದ ತೆರೆಯಿತು. ಆಗ ಹತ್ತೂಕಾಲು. ಇಲ್ಲಿ ನಮ್ಮನೆಯವರ ಕಸುಬಿನ ಒಂದು ನಿಯಮ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಸುಬಿಗೆ ಹೊಸದರಲ್ಲಿ ಒಂದು ಮದುವೆ ಕಾರ್ಡಿನಲ್ಲಿ ಸೋದರಮಾವನ ಹೆಸರು ಎರಡು ಸಲ ಬಂದಿತ್ತಂತೆ. ಹಸ್ತಪ್ರತಿ ತಪ್ಪಿದೆ ಎಂದು ಇವರು ಒಂದನ್ನು ತೆಗೆದುಹಾಕಿದರು. ನೋಡಿದರೆ ಒಂದೇ ಹೆಸರಿನ ಇಬ್ಬರು ಸೋದರಮಾವಂದಿರಿದ್ದರು. ತೆಗೆದದ್ದು ಯಾರನ್ನು ಎಂದು ತಿಳಿಯದೆ ಇಬ್ಬರೂ ಮುನಿಸಿಕೊಂಡು, ಉಣ್ಣದೆ, ಅಕ್ಷತೆಗೂ ಕಾಯದೆ ಹುಮನಾಬಾದಿನ ಬಸ್ಸು ಹತ್ತಿದರು. ಅಂದಿನಿಂದ ಇವರು ಎದುರಿಗಿದ್ದುದನ್ನು ಇದ್ದಂತೆ ಟೈಪ್ ಮಾಡುತ್ತಾರೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅರ್ಥ ನೋಡುವುದು ತಮ್ಮ ಕೆಲಸವಲ್ಲ ಎನ್ನುತ್ತಾರೆ. ಓದುವುದೂ ಹಾಗೆಯೇ.

ಲ್ಯಾಪ್‌ಟಾಪನ್ನು ಹರಿವಾಣದಂತೆ ಎರಡೂ ಕೈಯಲ್ಲಿ ಹಿಡಿದು, ವಿಭೂತಿ ಅಳಿಸದಂತೆ ಮೆಲ್ಲಗೆ ದೇವರ ಕೋಣೆಗೆ ತಂದರು. ನಾನೂ ಮಹಾನಂದಾ ಬಾಗಿಲಲ್ಲಿ ನಿಂತೆವು. ಅತ್ತೆ ಮೊದಲ ಎರಡು ಸಾಲು ಹಾಡಿ ಎಮ್ಮೆಯ ಹತ್ತಿರ ನಿಂತರು. ಕಣ್ಣು ಮುಚ್ಚಿದ್ದರು. ನಮ್ಮನೆಯವರು ಪರದೆ ನೋಡಿ, ಮಗ್ಗಿ ಒಪ್ಪಿಸಿದಂತೆ, ಮುಂದಿನದನ್ನು ಓದಿದರು:

"ಶಾಂತಾ, ಹಾಲು ಉಕ್ಕಾಕತ್ತದ ನೋಡು."

ನಾನು ಓಡಿದೆ.

ಅಡುಗೆಮನೆಗೆ ಹೋಗಿ ಇಕ್ಕಳ ಕೈಗೆತ್ತಿಕೊಂಡು ನೋಡುತ್ತೇನೆ, ಒಲೆಯ ಮೇಲೆ ಹಾಲಿಲ್ಲ. ಒಲೆಯೇ ಹೊತ್ತಿಲ್ಲ. ಹಾಲು ಬೆಳಿಗ್ಗೆಯೇ ಕಾಸಿ ಮುಚ್ಚಿಟ್ಟಿದ್ದೆ. ಉಕ್ಕುತ್ತಿದ್ದದ್ದು ತೊಂಬತ್ತೇಳನೇ ಇಸವಿಯ ಹಾಲು. ಆಗಲೂ ನಾನು ಹೀಗೆಯೇ ಓಡಿದ್ದೆನೇನೋ. ಅತ್ತೆ ಪದದ ನಡುವೆ ಕೂಗಿ ಹೇಳಿದ್ದನ್ನು ಮಗ ನಿಯಮದಂತೆ ಟೈಪ್ ಮಾಡಿದ್ದರು. ಅಟ್ಟ ಹತ್ತಿದ ಕಂಪ್ಯೂಟರಿನ ಕತೆ ಬಿಡಿ, ಐವತ್ತೆಂಟರ ಈ ಮೈಯಲ್ಲಿ ಮೂವತ್ತರ ಆ ಶಾಂತಾ ಒಂದು ಕೂಗಿಗೆ ಎದ್ದು ಓಡಿಬಂದಿದ್ದಳು. ಮೊಣಕಾಲು ನೋವು ಅಡುಗೆಮನೆ ಮುಟ್ಟಿದ ಮೇಲೆ ನೆನಪಾಯಿತು. ಶಿವನಿಗೂ ಬೇಡನ ಹಸಿವು ಆಗಿಯೇ ಇರಬೇಕು. ಇನ್ನು ಸ್ವಾಮಿಗಳನ್ನು ಕೇಳುವ ಅಗತ್ಯವಿಲ್ಲ.

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. ಓದಿ ಹೇಳಿದ್ದನ್ನು ಅವರು ಧಾಟಿಗೆ ಹಾಕಿ ಎತ್ತಿಕೊಂಡಿದ್ದರು. ಎಮ್ಮೆ ಹಿಂಡಿದ ಮೇಲೆ ಹಾಲು ಉಕ್ಕುವುದು ಸರಿಯೇ ಅಲ್ಲವೇ.

ಎಮ್ಮಿ ಹಿಂಡಾಕ ಹೊತ್ತಾತ
ಶಾಂತಾ, ಹಾಲು ಉಕ್ಕಾಕತ್ತದ ನೋಡು,
ಬಿದ್ದ ಹೂವಿನ ಮಾಲಿ ಮತ್ತ ಕಟ್ಟೇನು ನಾನು,
ಸದ್ದ ಮಾಡದ ನೀ ಕೂಡು

ಕೊನೆಯ ಎರಡು ಸಾಲನ್ನು ಯಾರೂ ಓದಿ ಹೇಳಲಿಲ್ಲ ಎಂದು ಆಮೇಲೆ ಮಹಾನಂದಾ ಹೇಳಿದಳು. ಹಾಲಿನ ಸಾಲು ಸಿಕ್ಕಿದ್ದೇ ತಡ, ಉಳಿದದ್ದು ತಾನೇ ಬಂತಂತೆ. ಪದ ಮುಗಿಸಿ ಅತ್ತೆ ಮಂಗಳಾರತಿ ಮಾಡಿದರು, ಸುಸಲಾ ಉಂಡರು, ಗುಳಿಗೆ ನುಂಗಿದರು. "ತಣ್ಣಗಾಗ್ಯದ," ಎಂದು ಹೆಸರಿಡುವುದನ್ನೂ ಮರೆಯಲಿಲ್ಲ.

ಈಗ ದಿನವೂ ಎಂಟರೊಳಗೆ ಪದ ಮುಗಿಯುತ್ತದೆ. ಲ್ಯಾಪ್‌ಟಾಪು ಬೇಕಾಗಿಲ್ಲ. ಒಂದೇ ಒಂದು ತೊಂದರೆಯೆಂದರೆ, ಆ ಸಾಲು ಹಾಡಿ ಅತ್ತೆ ಅಲ್ಲೇ ನಿಲ್ಲುತ್ತಾರೆ. ನಾನು ಎದ್ದು ಅಡುಗೆಮನೆಗೆ ಹೋದ ಹೆಜ್ಜೆ ಸಪ್ಪಳ ಕೇಳಿದ ಮೇಲೆಯೇ ಮುಂದಿನ ಸಾಲು. ದೇವರ ಮುಂದೆ ಹಿಡಿದ ಪದವನ್ನು ನಡುವೆ ನಿಲ್ಲಿಸಬಾರದಲ್ಲ; ಹಾಗಾಗಿ ದಿನಾ ಎದ್ದು ಹೋಗುತ್ತೇನೆ. ಹೇಗೂ ಹೋದೆನಲ್ಲ ಎಂದು ಈಗೀಗ ಹಾಲು ಕಾಸಲು ಇಡುವುದನ್ನೇ ಪದ ಶುರುವಾಗುವ ಮೊದಲಿಗೆ ಹೊಂದಿಸಿಕೊಂಡಿದ್ದೇನೆ. ನಾನು ಮುಟ್ಟುವುದಕ್ಕೂ ಅದು ಉಕ್ಕುವುದಕ್ಕೂ ಸರಿಹೋಗುತ್ತದೆ. ಒಂದು ಹನಿಯೂ ಒಲೆಯ ಮೇಲೆ ಚೆಲ್ಲುವುದಿಲ್ಲ. ಬೆರಳಿನಲ್ಲಿ ವಿಭೂತಿ ಇನ್ನೂ ಇರುತ್ತದೆ. ಅಲ್ಲೇ ನಿಂತು, ಒಂದು, ಎಂದು ಎಣಿಸುತ್ತೇನೆ.