ನಡುಗೋಡೆಯ ಬಾಗಿಲು

ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ಟೈಲರಣ್ಣನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಲಿಫ್ಟೂ ಇಲ್ಲ. ಇದ್ದದ್ದು ಒಂದು ಹೊಲಿಗೆ ಮಿಷನ್ನು, ಅದನ್ನು ತುಳಿದು ತುಳಿದು ಹಾಳಾದ ಮಂಡಿ ಮತ್ತು ಪಕ್ಕದ ಮನೆಯ ಮೇಷ್ಟ್ರು. ಪಕ್ಕದ ಮನೆ ಅಂದರೂ ಅದರ ಮೆಟ್ಟಿಲು ಬೇರೆ. ಈ ಕಡೆ ನಾಲ್ಕು ಮಹಡಿ ಇಳಿದು, ಬೀದಿ ಸುತ್ತಿ, ಆ ಕಡೆ ನಾಲ್ಕು ಮಹಡಿ ಹತ್ತಬೇಕು. ಅದಕ್ಕೆ ಆ ಮಂಡಿ ಸುತರಾಂ ಒಪ್ಪುತ್ತಿರಲಿಲ್ಲ.

ಒಪ್ಪುವ ಅಗತ್ಯವೂ ಇರಲಿಲ್ಲ. ಬೆಂಕಿ ಬಿದ್ದರೆ ಆಚೆ ಮನೆಗೆ ದಾಟಿಕೊಳ್ಳಲೆಂದು ನಡುಗೋಡೆಯಲ್ಲಿ ಬೀಗ ಹಾಕದ ಒಂದು ಬಾಗಿಲಿರಬೇಕು ಎಂಬುದು ನಗರಸಭೆಯ ಹಳೆಯ ನಿಯಮ. ಬೆಂಕಿ ಒಮ್ಮೆಯೂ ಬೀಳಲಿಲ್ಲ. ಆ ಬಾಗಿಲು ದಾಟಿ ಬರುತ್ತಿದ್ದವರು ಮೇಷ್ಟ್ರು, ದಿನಾ ಸಂಜೆ, ಚೆಸ್ ಬೋರ್ಡ್ ಹಿಡಿದುಕೊಂಡು. ಕಳ್ಳಾಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವವರು. ಅವರ ಜಗಳ ಕೆಳಗಿನ ನಮ್ಮ ಮನೆಗೂ ಕೇಳುತ್ತಿತ್ತು.

ಹೋದ ವರ್ಷ ರಾಜ್ಯ ಸರ್ಕಾರ ಎಲ್ಲ ಊರುಗಳಿಗೂ ಒಂದೇ ನಿಯಮ ತಂದಿತು: ಇಂಥ ಬಾಗಿಲುಗಳನ್ನೆಲ್ಲ ಮುಚ್ಚಿ ಗೋಡೆ ಕಟ್ಟಬೇಕು. ಬೇರೊಂದು ಊರಿನಲ್ಲಿ ಇಂಥದೇ ಬಾಗಿಲಿನಿಂದ ಹೊಗೆ ನುಗ್ಗಿ ಒಂದು ಸಂಸಾರವೇ ಉಸಿರುಗಟ್ಟಿ ಸತ್ತಿತ್ತಂತೆ. ಅದು ತಪ್ಪು ನಿಯಮ ಅನ್ನಲು ನನಗೆ ಬಾಯಿಲ್ಲ. ನಗರಸಭೆ ಮಾತ್ರ, ನಮ್ಮೂರಿನ ಕಟ್ಟಡ ನಮಗೆ ಗೊತ್ತು, ನೀವು ಮೂಗು ತೂರಿಸಬೇಡಿ ಎಂದು ಪಟ್ಟು ಹಿಡಿಯಿತು. ಒಬ್ಬ ಅಧಿಕಾರಿ ಬಂದು ಮುಚ್ಚಿ ಅಂದ, ಇನ್ನೊಬ್ಬ ಬಂದು ಮುಚ್ಚಿದರೆ ದಂಡ ಅಂದ. ಓಟು ಹಾಕುವಾಗಲೂ ತಲೆ ಕೆಡಿಸಿಕೊಳ್ಳದ ಟೈಲರಣ್ಣ, ನಗರಸಭೆ ಗೆದ್ದರೆ ಸಾಕಪ್ಪಾ ಎಂದು ದಿನಾ ಪೇಪರ್ ತಿರುವಿ ಹಾಕತೊಡಗಿದ.

ಕೋರ್ಟು ರಾಜ್ಯದ ಮಾತೇ ಮೇಲು ಅಂದಿತು. ಗಾರೆಯವರು ಬಂದು ದಪ್ಪ ಇಟ್ಟಿಗೆಯಲ್ಲಿ ಬಾಗಿಲು ಮುಚ್ಚಿಹೋದರು.

ಮೇಷ್ಟ್ರು ಒಮ್ಮೆ ಸುತ್ತಿ ಬಳಸಿ ಬಂದರು. ಏದುಸಿರು ಬಿಡುತ್ತ ಕೂತು, ನೀರು ಕುಡಿದು, ಒಂದು ಆಟವನ್ನೂ ಆಡದೆ ವಾಪಸಾದರು. ಫೋನಿನಲ್ಲಿ ಇಬ್ಬರಿಗೂ ಮಾತು ಹೊರಡುತ್ತಿರಲಿಲ್ಲ, ಜಗಳವಾಡಿಯೇ ಅಭ್ಯಾಸವಾದವರು.

ಮೊನ್ನೆ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಹೋದೆ. ಟೈಲರಣ್ಣ ಮಿಷನ್ನನ್ನು ಆ ಹೊಸ ಗೋಡೆಗೆ ಒತ್ತರಿಸಿಟ್ಟು ಜೋರಾಗಿ ತುಳಿಯುತ್ತಿದ್ದ. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ತುಳಿಯುವುದು ನಿಲ್ಲಿಸಿ, ಮಂಡಿ ಹಿಡಿದುಕೊಂಡೇ ಮೇಷ್ಟ್ರಿಗೆ ಫೋನ್ ಮಾಡಿದ.

“ಈಗ ಮಿಷನ್ ತುಳಿದೆ ಮೇಷ್ಟ್ರೇ. ಅಲ್ಲಿಗೆ ಕೇಳಿಸ್ತಾ?”

ಫೋನಿನಲ್ಲಿ ಮೇಷ್ಟ್ರ ದನಿ ನನಗೂ ಕೇಳಿತು.

“ಗೋಡೆಗೆ ಕಿವಿ ಕೊಟ್ಟೇ ನಿಂತಿದ್ದೆ ಕಣಯ್ಯ. ಏನೂ ಕೇಳಿಸ್ಲಿಲ್ಲ. ಚೆನ್ನಾಗೇ ಕಟ್ಟಿದ್ದಾರೆ.”