ಮೊದಲ ಟೀ ಯಾರಿಗೆ

ವೇಲಣ್ಣ ಯಾವ ಕಟ್ಟಡದೊಳಗೆ ಕಾಲಿಟ್ಟರೂ ಮೊದಲು ನೋಡುತ್ತಿದ್ದುದು ಚಾವಣಿಯನ್ನು. ಮದುವೆ ಮನೆಯಾಗಲಿ, ಬ್ಯಾಂಕಾಗಲಿ, ಕತ್ತೆತ್ತಿ ಒಂದು ಸುತ್ತು ಕಣ್ಣಾಡಿಸಿದ ಮೇಲೆಯೇ ಎದುರಿಗಿದ್ದವರಿಗೆ ನಮಸ್ಕಾರ. ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನಿನ ಕೆಳಗೆ ಅರ್ಧ ಆಯುಷ್ಯ ಕಳೆದವರ ಅಭ್ಯಾಸ ಅದು. ಶಿವಮೊಗ್ಗದ ನಮ್ಮ ಕಾನೂನು ಕಾಲೇಜಿಗೆ ಭಾಷಣಕ್ಕೆ ಬಂದಾಗಲೂ ಹಾಗೇ ಮಾಡಿದರು. ಪ್ರಾಂಶುಪಾಲರು ಹಾರ ಹಿಡಿದು ಕಾಯುತ್ತಿದ್ದರೆ ಇವರು, "ಸಾರ್, ಆ ಫ್ಯಾನ್ ಕೆಳಗೆ ಮಕ್ಕಳನ್ನ ಕೂರಿಸ್ಬೇಡಿ" ಎಂದರು. ಇಸ್ತ್ರಿ ಮಾಡಿದ ಬಿಳಿ ಶರಟು, ಬಣ್ಣ ಹಾಕಿದ ಮೀಸೆ, ಯಂತ್ರಗಳ ಸದ್ದಿನ ನಡುವೆ ಬೆಳೆದ ಗಂಟಲು. ಮೈಕನ್ನು ಪಕ್ಕಕ್ಕೆ ತಳ್ಳಿದರು.

ನಾನಾಗ ಚರ್ಚಾಸ್ಪರ್ಧೆಯ ಕಪ್‌ಗಳನ್ನು ಶೋಕೇಸಿನಲ್ಲಿ ಜೋಡಿಸಿಟ್ಟವಳು. ಯಾವುದನ್ನೇ ಆಗಲಿ ನಂಬುವ ಮೊದಲು ಅದಕ್ಕೊಂದು ಪ್ರತಿವಾದ ಹುಡುಕುವುದು ನಾನು ಕಲಿತ ವಿದ್ಯೆ. ಶಿವಮೊಗ್ಗ–ಭದ್ರಾವತಿ ರಸ್ತೆಯ ಕಬ್ಬಿಣದ ಎರಕ ಹೊಯ್ಯುವ ಸಣ್ಣ ಫೌಂಡ್ರಿಗಳಲ್ಲಿ ಕೆಲಸಗಾರರ ಜೀವ ಕಾಯಲು, ತಾವು ಮುಂದಾಳಾಗಿರುವ ಸಂಘವೂ ಸೇರಿ ಎರಡು ಕಾರ್ಮಿಕ ಸಂಘಗಳೂ ಮಾಲೀಕರ ಸಂಘವೂ ಸೇರಿ ಜಂಟಿ ಸಮಿತಿ ಮಾಡಿಕೊಂಡಿವೆ ಎಂದು ಅವರು ಹೇಳಿದ ಕೂಡಲೇ ಎದ್ದು ನಿಂತೆ.

"ಒಬ್ಬರ ಮುಖ ಒಬ್ಬರು ನೋಡದ ಎರಡು ಯೂನಿಯನ್ನು, ಅವೆರಡನ್ನೂ ಕಂಡ್ರಾಗದ ಮಾಲೀಕರು. ನಾಳೆ ಅಪಘಾತ ಆದ್ರೆ ಬೆರಳು ತೋರಿಸೋಕೆ ಒಬ್ಬರಿಗೆ ಇನ್ನಿಬ್ಬರು ಸಿಕ್ಕಿದ್ರು. ಅಷ್ಟೇ ತಾನೆ ಸಾರ್?"

ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ವೇಲಣ್ಣ.

"ಸರಿಯಾಗಿ ಕೇಳ್ದೆ ಕಣಮ್ಮಾ! ಆ ಕಡೆ ಯೂನಿಯನ್ ಸೆಕ್ರೆಟರಿ ಇಕ್ಬಾಲ್ ಸಾಹೇಬ್ರಿಗೂ ನಂಗೂ ಬೋನಸ್ ವಿಷಯಕ್ಕೆ ಇವತ್ತಿಗೂ ಜಗಳ. ಆದ್ರೆ ಅದು ಗೇಟ್ ಹೊರಗೆ. ಕುಲುಮೆ ಹತ್ರ ಇಲ್ಲ. ನೀನು ನಂಬ್ಬೇಡ, ಬಂದು ನೋಡು."

ತಪ್ಪು ಹಿಡಿಯಲೆಂದೇ ಹೋದೆ. ಮಳೆಗಾಲ. ಮಾಲೀಕರ ಸಂಘದ ಅಧ್ಯಕ್ಷರಾದ ಶೆಟ್ಟರ ಫೌಂಡ್ರಿಯಲ್ಲಿ ಅಂದು ಸಮಿತಿಯ ಸಭೆ. ಕರಗಿದ ಕಬ್ಬಿಣಕ್ಕೆ ಒದ್ದೆ ಗುಜರಿ ಬಿದ್ದರೆ ನೀರು ಒಮ್ಮೆಗೇ ಆವಿಯಾಗಿ ಕುದಿಯುವ ಲೋಹ ಸುತ್ತಲಿನವರ ಮೇಲೆ ಸಿಡಿಯುತ್ತದೆ. ಹಾಗೆ ಸುಟ್ಟುಕೊಂಡವರು ಆ ರಸ್ತೆಯಲ್ಲಿದ್ದರು. ಅದಕ್ಕೇ ಸಮಿತಿಯ ನಿಯಮ: ಅನುಮಾನ ಬಂದವರು ಯಾರೇ ಆಗಲಿ, ಕಂಬಕ್ಕೆ ಸಿಕ್ಕಿಸಿದ ಕೆಂಪು ಬಟ್ಟೆ ಬೀಸಿದರೆ ಕೆಲಸ ನಿಲ್ಲಬೇಕು.

ನಾವೆಲ್ಲ ಅಲ್ಲಿರುವಾಗಲೇ ಯಾರೋ ಬಟ್ಟೆ ಬೀಸಿದರು. ಬೀಸಿದವಳು ಗುಜರಿ ಆರಿಸುವ ರತ್ನಮ್ಮ, ಮೊನ್ನೆಯಷ್ಟೇ ಸೇರಿದ ಗುತ್ತಿಗೆಯವಳು. ತಗಡಿನ ಕಟ್ಟೊಂದರೊಳಗೆ ನೀರು ಕಂಡಿತಂತೆ. ಕಟ್ಟು ಬಿಚ್ಚಿಸಿದರು. ನೀರಲ್ಲ, ಒಳಗೊಂದು ಹೊಳೆಯುವ ತಗಡು.

ಸೂಪರ್‌ವೈಸರ್ ಕಿರುಚಿದ. "ಕಣ್ಣು ಕಾಣ್ಸಲ್ವೇನಮ್ಮಾ ನಿಂಗೆ? ಲೋಡ್ ಲೇಟಾಯ್ತು! ನಾಳೆಯಿಂದ ಬರ್ಬೇಡ ಹೋಗು!"

ಬಟ್ಟೆ ಇನ್ನೂ ರತ್ನಮ್ಮನ ಕೈಯಲ್ಲೇ ಇತ್ತು. ಅವಳು ಯಾವ ಸಂಘದ ಸದಸ್ಯೆಯೂ ಅಲ್ಲ. ಮುರಿಯಿತು ಇವರ ಒಪ್ಪಂದ, ಇವಳ ಕೆಲಸವೂ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಇಕ್ಬಾಲ್ ಸಾಹೇಬರು ಬಂದು ಅವಳ ಒಂದು ಪಕ್ಕಕ್ಕೆ ನಿಂತರು. ವೇಲಣ್ಣ ಇನ್ನೊಂದು ಪಕ್ಕಕ್ಕೆ. ಶೆಟ್ಟರು ಗೇಟಿನಲ್ಲಿ ಕಾಯುತ್ತಿದ್ದ ಲಾರಿಯ ಕಡೆ ನೋಡಿದರು, ಕೈಗಡಿಯಾರ ನೋಡಿಕೊಂಡರು, ಉಸಿರು ಬಿಟ್ಟರು. ಆಮೇಲೆ ಟೀ ಕೆಟಲ್ ತರಿಸಿ, ತಾವೇ ಬಗ್ಗಿಸಿ, ಮೊದಲ ಲೋಟ ರತ್ನಮ್ಮನಿಗೆ ಕೊಟ್ಟರು.

"ಕುಡಿಯಮ್ಮ. ನಾಳೆ ಟೈಮಿಗೆ ಬಾ."

ಅದು ಸಮಿತಿಯ ಪದ್ಧತಿಯಂತೆ. ಕೆಲಸ ನಿಲ್ಲಿಸಿದವರಿಗೆ ಮೊದಲ ಟೀ, ಮಾಲೀಕರ ಕೈಯಿಂದಲೇ. ಸೂಪರ್‌ವೈಸರನಿಗೆ ಕೊನೆಯ ಲೋಟ ಸಿಕ್ಕಿತು, ಅದೂ ತಣ್ಣಗಾದದ್ದು.

"ಅವಳು ಹೇಳಿದ್ದು ತಪ್ಪಲ್ವ ವೇಲಣ್ಣ?" ಎಂದೆ. ನನ್ನ ಹತ್ತಿರ ಉಳಿದಿದ್ದ ವಾದ ಅದೊಂದೇ.

"ತಪ್ಪೇ ಮಾರಾಯ್ತಿ. ಬೈದು ಕಳಿಸಿದ್ವಿ ಅನ್ಕೋ. ನಾಳೆ ನಿಜವಾಗ್ಲೂ ನೀರು ಕಂಡೋನು, ನಂಗ್ಯಾಕೆ ಬೇಕು ಅಂತ ಬಾಯಿ ಮುಚ್ಕೊಂಡಿರ್ತಾನೆ. ಆಗ ನಿನ್ನ ಕಪ್‌ಗಳು ಬಂದು ಕಾಪಾಡ್ತಾವಾ?"

ಸರಿ ಹೇಳಿದವರಿಗೆ ಬಹುಮಾನ ಕೊಡುವುದನ್ನು ಎಷ್ಟೋ ವೇದಿಕೆಗಳಲ್ಲಿ ನೋಡಿದ್ದೆ. ತಪ್ಪು ಹೇಳಿದವಳೊಬ್ಬಳ ಮುಂದೆ, ಪರಸ್ಪರ ಆಗದ ಮೂರು ಸಂಘಗಳು ಟೀ ಲೋಟ ಹಿಡಿದು ನಿಂತದ್ದನ್ನು ಅಂದು ಮೊದಲು ನೋಡಿದೆ. ಪ್ರಶ್ನೆಗಳನ್ನು ಬರೆದು ತಂದಿದ್ದ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಅದನ್ನು ಕಂಡು ವೇಲಣ್ಣ ಮೀಸೆ ತೀಡಿಕೊಂಡರು. ಗೆದ್ದಾಗ ಬೀಗುವುದರಲ್ಲಿ ಅವರೇನೂ ಕಡಿಮೆಯಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವರನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಎದೆಯಲ್ಲಿ ಕಾರ್ಖಾನೆಯ ಹಳೆಯ ಧೂಳು. ನಾನು ಹೋದಾಗ ಇಕ್ಬಾಲ್ ಸಾಹೇಬರು ಮಂಚದ ಪಕ್ಕ ಕೂತು ಬೋನಸ್ ಜಗಳ ಮುಂದುವರಿಸಿದ್ದರು. ವೇಲಣ್ಣನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಅಂಗಾತ ಮಲಗಿದ್ದ ಅವರಿಗೆ ಚಾವಣಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಫ್ಯಾನ್ ಅಲ್ಲಾಡ್ತಿದೆ, ನಿಲ್ಸಿ" ಎಂದರು. ಆ ದೊಡ್ಡ ಗಂಟಲು ಪಿಸುಮಾತಿಗೆ ಇಳಿದಿತ್ತು. ನರ್ಸ್ ಫ್ಯಾನ್ ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಅವನು ಏಣಿ ಹತ್ತಿ ನೋಡಿ, "ಗಟ್ಟಿಯಾಗೇ ಇದೆ ಅಜ್ಜ" ಎಂದು ಇಳಿದ.

ಸಾಹೇಬರು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಹಿಡಿದರು. "ತಗೋ, ಫಸ್ಟ್ ಟೀ."

ವೇಲಣ್ಣ ತಲೆ ಆಡಿಸಿದರು. "ನಿಮ್ಮ ಕೈಯಿಂದ ನಡಿಯಲ್ಲ ಸಾಹೇಬ್ರೇ. ಮಾಲೀಕರು ಕೊಡ್ಬೇಕು."

ತಮಾಷೆಗೆ ಹೇಳಿದ್ದರು. ಆದರೆ ಸಾಹೇಬರು ಎದ್ದು ಹೊರಗೆ ಹೋಗಿ ಫೋನು ಮಾಡಿದರು. ಸ್ವಲ್ಪ ಹೊತ್ತಿಗೆ, ತೋಳಿನ ಮೇಲೆ ಫೌಂಡ್ರಿಯ ಮಸಿ ಹಾಗೇ ಇರುವಂತೆ, ಶೆಟ್ಟರು ವಾರ್ಡಿನ ಬಾಗಿಲಲ್ಲಿ ಬಂದು ನಿಂತರು. ಕತ್ತೆತ್ತಿ ಒಮ್ಮೆ ಚಾವಣಿ ನೋಡಿದರು. ಆಮೇಲೆ ಒಳಗೆ ಬಂದು ಟೀ ಬಗ್ಗಿಸಿದರು.

ವೇಲಣ್ಣ ಎರಡೇ ಗುಟುಕು ಕುಡಿದರು. ನಮ್ಮ ಲೋಟಗಳಿಗೆ ಟೀ ಬಿದ್ದದ್ದು ಅದಾದ ಮೇಲೆ. ನಾನು ಅವರನ್ನು ನೋಡಿದ್ದು ಅದೇ ಕೊನೆ.