ಮಾವನವರಿಗೆ ಕಿವಿ ಕೇಳಿಸಿದ ಭಾನುವಾರ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಮುಖ ತಿರುಗಿಸಿ ನಗುವವಳು ನಾನು. ಕಲಿತದ್ದು ವಿಜ್ಞಾನ, ಅನ್ನ ಕೊಡುವುದೂ ಅದೇ. ದೆವ್ವ ಕಂಡವರು, ಪವಾಡ ನೋಡಿದವರು ಎಲ್ಲರೂ ಹಿಂದಿನ ದಿನ ಉಂಡದ್ದು ಜೀರ್ಣವಾಗದವರು ಎಂಬುದು ನನ್ನ ಗಟ್ಟಿ ಅಭಿಪ್ರಾಯವಾಗಿತ್ತು. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ.

ನಾವು ನಾಗಪುರಕ್ಕೆ ಬಂದದ್ದು ಗಂಡನ ರೈಲ್ವೆ ವರ್ಗಾವಣೆಯಿಂದ. ನನಗೂ ಇಲ್ಲೇ ಒಂದು ಸಂಶೋಧನೆಯ ಕೆಲಸ ಸಿಕ್ಕಿತು. ಸುತ್ತಲಿನ ಕೆರೆ, ಜಲಾಶಯಗಳ ಮೀನುಗಳ ವಯಸ್ಸು ಕಂಡುಹಿಡಿಯುವುದು. ಮೀನಿನ ತಲೆಯೊಳಗೆ, ಕಿವಿಯ ಜಾಗದಲ್ಲಿ, ಮೂಳೆಯಂಥ ಪುಟ್ಟ ಕಲ್ಲುಗಳಿರುತ್ತವೆ. ಮೀನು ಬೆಳೆದಂತೆ ಅವುಗಳ ಮೇಲೆ ಪದರ ಪದರವಾಗಿ ಸುಣ್ಣ ಕೂಡುತ್ತ ಹೋಗುತ್ತದೆ. ಚೆನ್ನಾಗಿ ಮೇವು ಸಿಕ್ಕ ತಿಂಗಳುಗಳಲ್ಲಿ ಅಗಲವಾದ ಪಟ್ಟಿ, ಬೆಳವಣಿಗೆ ನಿಧಾನವಾದಾಗ ಕಿರಿದಾದ ಪಟ್ಟಿ. ಆ ಕಲ್ಲನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮರದ ಕಾಂಡದ ಉಂಗುರಗಳಂತೆ ಕಾಣುತ್ತದೆ. ಉಂಗುರ ಎಣಿಸಿದರೆ ವಯಸ್ಸು. ನಡುವಿನ ಅಂತರ ಅಳೆದರೆ ಯಾವ ವರ್ಷ ಎಷ್ಟು ಬೆಳೆಯಿತು ಎಂಬ ಅಂದಾಜು.

ಮನೆಯಲ್ಲಿ ನಾನು, ಗಂಡ, ಮಗಳು ಈಶಾ ಮತ್ತು ಮಾವನವರು. ಮಾವನವರು ಗದಗಿನ ಕಡೆಯವರು, ನಾನು ಮೈಸೂರಿನವಳು. ನಾನು ಸೊಸೆಯಾಗಿ ಬರುವ ಮೊದಲೇ ಒಂದು ಕೆಟ್ಟ ಜ್ವರದಲ್ಲಿ ಅವರ ಎರಡೂ ಕಿವಿ ಪೂರ್ತಿ ಹೋಗಿದ್ದವು. ಮಷಿನ್ ಹಾಕಿದರೂ ಉಪಯೋಗವಾಗಲಿಲ್ಲ. ಅವರು ಮಾತ್ರ ಧಾರಾಳವಾಗಿ ಮಾತಾಡುತ್ತಿದ್ದರು. ನಾವು ಮೊಬೈಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಬೇಕಿತ್ತು. ಈಶಾಗೆ ಕನ್ನಡ ಬರೆಯಲು ಬಾರದು. ಅವಳು ಮರಾಠಿಯಲ್ಲಿ ಬರೆದದ್ದನ್ನು ಅಜ್ಜ ತಡವರಿಸಿಕೊಂಡು ಓದುತ್ತಿದ್ದರು. ಹೀಗಾಗಿ ನನ್ನ ದನಿಯಾಗಲಿ, ಮೊಮ್ಮಗಳ ದನಿಯಾಗಲಿ ಹೇಗಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ.

ಅದೊಂದು ಭಾನುವಾರದ ಮಧ್ಯಾಹ್ನ. ಗಂಡ ಡ್ಯೂಟಿಗೆ ಹೋಗಿದ್ದರು, ಈಶಾ ಕೆಳಗಿನ ಮನೆಯಲ್ಲಿ ಆಡುತ್ತಿದ್ದಳು. ಮುಗಿಯದೆ ಉಳಿದ ಕೆಲಸವನ್ನು ನಾನು ಮನೆಗೇ ತಂದು, ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದೆ. ಮಾವನವರು ಪಕ್ಕದಲ್ಲಿ ಕುಳಿತು ಒಂದು ಕಣ್ಣು ಮುಚ್ಚಿ ಇಣುಕಿದರು.

“ಮೀನಾ ತಿನ್ನಂಗಿಲ್ಲ, ಅದರ ಜಾತಕ ಬರೀತಿ. ಚಲೋ ಐತಿ ನಿನ್ನ ಉದ್ಯೋಗ!” ಎಂದರು.

ಮೀನಿಗೆ ಸದ್ದು ತಿಳಿಯುವುದು ಈ ಕಲ್ಲುಗಳ ಸಹಾಯದಿಂದಲೇ ಎಂದು ಬರೆದು ತೋರಿಸಿದೆ.

“ಹೊರಗ ಕಿವೀನ ಇಲ್ಲ, ಆದ್ರೂ ಕೇಳತೈತೇನು?” ಎಂದು ಆಶ್ಚರ್ಯಪಟ್ಟು, ಉಜ್ಜದೆ ಉಳಿದಿದ್ದ ಒಂದು ಕಲ್ಲನ್ನು ಅಂಗೈಗೆ ಹಾಕಿಸಿಕೊಂಡರು. ಜೀರಿಗೆಗಿಂತ ತುಸು ದಪ್ಪ, ಅಷ್ಟೇ. “ನೋಡೂಣು, ಏನಂತೈತಿ” ಎಂದು ತಮಾಷೆಗೆ ಅದನ್ನು ಕಿವಿಯ ಹತ್ತಿರ ಹಿಡಿದು ನಕ್ಕರು. ನಾನೂ ನಕ್ಕು ಚಹಾ ಮಾಡಲು ಒಳಗೆ ಹೋದೆ.

ನನ್ನ ಗಮನವೆಲ್ಲ ಉಂಗುರಗಳ ಮೇಲೆಯೇ ಇತ್ತು. ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. “ಥೂ, ದರಿದ್ರದ್ದು! ಒಂದು ಗಳಿಗೆ ಆ ಕಡೆ ತಿರುಗೋ ಹಾಗಿಲ್ಲ” ಎಂದು ಗೊಣಗಿದೆ.

“ಹಾಲಿಗ್ಯಾಕ ಬೈತೀಯವ್ವಾ? ಮೊದಲ ಒಲಿ ಬಂದ್ ಮಾಡು” ಎಂದು ಹೊರಗಿನಿಂದ ಮಾವನವರ ದನಿ ಬಂತು.

ನಾನು ವಿಧೇಯಳಾಗಿ ಒಲೆ ಆರಿಸಿದೆ. ಆಮೇಲೆ ಹೊಳೆಯಿತು, ನಾನು ಗೊಣಗಿದ್ದು ಅವರಿಗೆ ಕೇಳಿಸಿದೆ. ಮಸಿಬಟ್ಟೆ ಹಿಡಿದುಕೊಂಡೇ ಹೊರಗೆ ಬಂದೆ. ಅವರು ಅಡುಗೆಮನೆಗೆ ಬೆನ್ನು ಹಾಕಿ ಕುಳಿತಿದ್ದರು. ತಿರುಗಿದಾಗ ಅವರ ಮುಖದಲ್ಲೂ ದಿಗಿಲಿತ್ತು.

“ಯಾರು ಮಾತಾಡಿದ್ರು?”

“ನಾನೇ ಮಾವ.”

ಅವರು ಬಾಯಿ ತೆರೆದು ನನ್ನನ್ನೇ ನೋಡಿದರು. “ಅಯ್ಯ, ನೀ ಹಾಡಿದಂಗ ಮಾತಾಡ್ತೀಯಲ್ಲ! ಮತ್ತ ಎಷ್ಟು ದೊಡ್ಡ ದನಿ! ಇಷ್ಟು ವರ್ಷ ನಾ ನಿನ್ನ ಸಣ್ಣ ದನಿಯಾಕಿ ಅಂತ ತಿಳ್ಕೊಂಡಿದ್ನಲ್ಲ!”

ಅಂಥ ಹೊತ್ತಿನಲ್ಲೂ ನನಗೆ ಪರೀಕ್ಷೆ ಮಾಡುವ ಬುದ್ಧಿ. ಬಾಗಿಲ ಹಿಂದೆ ನಿಂತು ಪಿಸುಗುಟ್ಟಿದೆ: “ನಿಮ್ಮ ಕನ್ನಡಕ ಎಲ್ಲಿದೆ, ಮಾವ?”

“ತಲಿ ಮ್ಯಾಲೆ ಐತಿ. ಈ ಕಡೆ ಬಾ, ಹುಚ್ಚಿ.”

ಇಬ್ಬರಿಗೂ ನಗು, ಅಳು ಒಟ್ಟಿಗೇ ಬಂದವು. ಗಂಡನಿಗೆ ಫೋನ್ ಮಾಡಿದರೆ ಅವರು ನಂಬಲೇ ಇಲ್ಲ. ಮಾವನವರೇ ಫೋನ್ ಕಿತ್ತುಕೊಂಡು “ಬರೋಬರ್ ಕೇಳತೈತಿ ಮಗನ, ಜಲ್ದಿ ಮನಿಗೆ ಬಾ” ಎಂದರು. ಅಷ್ಟರಲ್ಲಿ ಈಶಾ ಮೇಲೆ ಬಂದಳು. “ಅಜ್ಜಾ, ಖರಂಚ್? ಖರೇನ ಕೇಳತೈತಾ?” ಎಂದು ಶುರುಮಾಡಿದವಳು, ತನ್ನ ಶಾಲೆಯ ಕಥೆಯನ್ನೆಲ್ಲ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಉಸಿರು ತೆಗೆದುಕೊಳ್ಳದೆ ಹೇಳಿದಳು. ಅವರು ಒಂದು ಮಾತನ್ನೂ ತಡೆಯಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಲೇ ಇದ್ದರು.

ಗಂಡ ಬಂದ ಮೇಲೆ ಮಾವನವರು ಗದ್ದಲ ಕೇಳಬೇಕೆಂದು ಹಟ ಹಿಡಿದರು. ನಾಲ್ವರೂ ಆಟೋ ಹತ್ತಿ ಗಾಂಧಿಬಾಗ್ ಪೇಟೆಗೆ ಹೋದೆವು. ಭಾನುವಾರವಾದರೂ ಓಣಿಗಳಲ್ಲಿ ಹಾರ್ನ್, ಕೂಗಾಟ, ತಳ್ಳುಗಾಡಿಯವರ ಜಗಳ. ನಾವು ಕಿವಿ ಮುಚ್ಚಿಕೊಳ್ಳುತ್ತಿದ್ದೆವು, ಅವರು ಮದುವೆಮನೆಗೆ ಬಂದವರಂತೆ ನಡುವೆ ನಿಂತು “ಏನ್ ಗದ್ದಲ, ಏನ್ ಚಲೋ ಗದ್ದಲ!” ಎನ್ನುತ್ತಿದ್ದರು. ಮನೆಗೆ ಬಂದು, ಉಂಡು, ಈಶಾಳಿಂದ ಒಂದು ಹಾಡು ಹೇಳಿಸಿಕೊಂಡು ಮಲಗಿದರು.

ಬೆಳಿಗ್ಗೆ ನಾನು ಚಹಾ ಹಿಡಿದು ಕರೆದಾಗ ಅವರು ತಿರುಗಲಿಲ್ಲ.

ಕಿವಿಯ ಡಾಕ್ಟರು ಎಲ್ಲ ಪರೀಕ್ಷೆ ಮಾಡಿದರು. ಮೊದಲು ಹೇಗಿತ್ತೋ ಹಾಗೇ ಇದೆ, ಈ ನರಗಳಿಂದ ಕೇಳಿಸುವುದು ಸಾಧ್ಯವೇ ಇಲ್ಲ ಎಂದರು. ಹಾಲು ಸೀದ ವಾಸನೆ ಬಂದಿರಬೇಕು, ತುಟಿ ಓದಿರಬೇಕು, ಉಳಿದದ್ದು ನಿಮ್ಮ ಸಂಭ್ರಮ ಎಂದೂ ಹೇಳಿದರು. ನಾನು ಅವರ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ನಾಚಿಕೆ ಬಿಟ್ಟು ಆ ಕಲ್ಲನ್ನು ಮತ್ತೆ ಮತ್ತೆ ಮಾವನವರ ಕಿವಿಗೆ ಹಿಡಿದೂ ನೋಡಿದೆ. ಏನೂ ಆಗಲಿಲ್ಲ. ಕಲ್ಲಿಗೂ ಅದಕ್ಕೂ ಸಂಬಂಧವಿತ್ತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ. ಮಾವನವರು ಮಾತ್ರ ಕೊರಗಲಿಲ್ಲ. “ಸಿಕ್ಕಿದ್ದು ಸಿಕ್ತು, ಬಿಡು” ಎಂದರು.

ಒಂದು ವಿಷಯ ಮಾತ್ರ ಡಾಕ್ಟರಿಗೆ ಹೇಳಿಲ್ಲ. ಆ ದಿನದಿಂದ ಮಾವನವರು ನನ್ನನ್ನು ಅಣಕಿಸುತ್ತಾರೆ. ಮನೆಗೆ ಯಾರಾದರೂ ಬಂದರೆ ಸಾಕು, ಗದಗಿನ ಮಾತು ಬಿಟ್ಟು, ಕುತ್ತಿಗೆ ಓರೆ ಮಾಡಿ, “ಮಾವಾ… ಊಟಕ್ಕೆ ಬನ್ನೀ… ಆರೋಗುತ್ತೇ…” ಎಂದು ಎಳೆಯುತ್ತಾರೆ. ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ಇಳಿಯಬೇಕೋ ಅಲ್ಲಿ ಇಳಿದು, ಥೇಟ್ ನನ್ನದೇ ರಾಗ. ಈಶಾ ಬಿದ್ದು ಬಿದ್ದು ನಗುತ್ತಾಳೆ, ನಾನೂ ನಗುತ್ತೇನೆ. ತುಟಿ ನೋಡಿ ಯಾರಾದರೂ ರಾಗ ಕಲಿಯುತ್ತಾರೆಯೇ? ನನಗೆ ತಿಳಿಯದು.